ಬೆಲ್ಟ್ ಮೂಳೆಯ ಮೇಲಿರಲಿ

ಸೀಟ್ ಬೆಲ್ಟ್ ಹಾಕಿಕೊಂಡರಷ್ಟೇ ಸಾಲದು. ಅದು ಮೈಮೇಲೆ ಎಲ್ಲಿ ಕೂತಿದೆ ಎಂಬುದೂ ಅಷ್ಟೇ ಮುಖ್ಯ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಣಿಮಿಣಿಕೆ ಟೋಲ್ ಹತ್ತಿರವಾಗುತ್ತಿದ್ದಂತೆ ಎಷ್ಟೋ ಕಾರುಗಳ ಮುಂದಿನ ಸೀಟಿನಲ್ಲಿ ಗಡಿಬಿಡಿ ಶುರುವಾಗುತ್ತದೆ. ಅಲ್ಲಿಯವರೆಗೆ ಬಾಗಿಲ ಪಕ್ಕದಲ್ಲಿ ನೇತಾಡುತ್ತಿದ್ದ ಬೆಲ್ಟನ್ನು ಸರಕ್ಕನೆ ಎಳೆದು ಕೆಲವರು ಎದೆಯ ಮೇಲೆ ಹಾಯಿಸಿಕೊಳ್ಳುತ್ತಾರೆ. ಕೆಲವರು ಬಕಲ್‌ಗೆ ಸಿಕ್ಕಿಸುವ ಗೋಜಿಗೂ ಹೋಗದೆ ಕೈಯಲ್ಲೇ ಹಿಡಿದು ಕೂರುತ್ತಾರೆ. ಕುತ್ತಿಗೆಗೆ ಉಜ್ಜುತ್ತದೆಂದು ಕಂಕುಳ ಕೆಳಗೆ ತೂರಿಸಿಕೊಳ್ಳುವವರಿದ್ದಾರೆ, ಹೊಟ್ಟೆಯ ಮೇಲೆ ಸಡಿಲವಾಗಿ ಬಿಟ್ಟುಕೊಳ್ಳುವವರಿದ್ದಾರೆ. ಹಿಂದಿನ ಸೀಟಿನವರಿಗೆ ಈ ಗಡಿಬಿಡಿಯೂ ಇಲ್ಲ. ಅವರ ಬೆಲ್ಟ್ ಸೀಟ್ ಕವರಿನ ಅಡಿಯಲ್ಲಿ ಎಲ್ಲೋ ಹೂತುಹೋಗಿರುತ್ತದೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ 16,715 ಮಂದಿ ಸೀಟ್ ಬೆಲ್ಟ್ ಹಾಕಿರಲಿಲ್ಲ. ಈ ಸಂಖ್ಯೆಯನ್ನು ಒಡೆದು ನೋಡಿದರೆ ಚಾಲಕರು 8,384, ಪ್ರಯಾಣಿಕರು 8,331. ಎರಡೂ ಹೆಚ್ಚುಕಡಿಮೆ ಸಮ. ಬೆಲ್ಟ್ ಎಂದರೆ ಗಾಡಿ ಓಡಿಸುವವರಿಗೆ ಸೇರಿದ್ದು ಎಂಬ ನಮ್ಮ ನಂಬಿಕೆಗೆ ಈ ಲೆಕ್ಕದಲ್ಲಿ ಆಧಾರವಿಲ್ಲ.

ಬೆಲ್ಟ್ ಹಾಕಿ ಎಂದು ಹೇಳುವ ಫಲಕಗಳು ಹೆದ್ದಾರಿಯುದ್ದಕ್ಕೂ ಇವೆ. ಹೇಗೆ ಹಾಕಬೇಕು ಎಂದು ಹೇಳಿಕೊಡುವವರು ಕಡಿಮೆ. ಡ್ರೈವಿಂಗ್ ಶಾಲೆಯಲ್ಲಿ ಕ್ಲಚ್ ಬಿಡುವುದನ್ನು ವಾರಗಟ್ಟಲೆ ಕಲಿಸುತ್ತಾರೆ, ಬೆಲ್ಟಿನ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಈ ಲೇಖನ ಹೇಳಹೊರಟಿರುವುದು ಒಂದೇ ಸಂಗತಿ: ಅಪಘಾತದ ಹೊಡೆತವನ್ನು ದೇಹದ ಗಟ್ಟಿ ಮೂಳೆಗಳಿಗೆ ದಾಟಿಸುವುದೇ ಬೆಲ್ಟಿನ ಕೆಲಸ. ಅದು ಮೂಳೆಯ ಮೇಲಿದ್ದರೆ ಕಾಯುತ್ತದೆ. ಮೆತ್ತಗಿನ ಜಾಗಕ್ಕೆ ಜಾರಿದರೆ ಅದೇ ಬೆಲ್ಟ್ ಗಾಯ ಮಾಡುತ್ತದೆ.

ಒಂದು ಅಪಘಾತ, ಮೂರು ಡಿಕ್ಕಿ

ಕಾರು ಯಾವುದಕ್ಕಾದರೂ ಗುದ್ದಿದಾಗ ನಡೆಯುವುದು ಒಂದಲ್ಲ, ಮೂರು ಡಿಕ್ಕಿ. ಮೊದಲು ಕಾರು ಲಾರಿಗೋ ಮರಕ್ಕೋ ರಸ್ತೆ ವಿಭಜಕಕ್ಕೋ ಬಡಿದು ನಿಲ್ಲುತ್ತದೆ. ಒಳಗಿದ್ದವರ ದೇಹ ಮಾತ್ರ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅದು ಸ್ಟಿಯರಿಂಗ್‌ಗೋ ಗಾಜಿಗೋ ಮುಂದಿನ ಸೀಟಿಗೋ ಬಡಿಯುವುದು ಎರಡನೆಯ ಡಿಕ್ಕಿ. ದೇಹ ನಿಂತ ಮೇಲೂ ಒಳಗಿನ ಮಿದುಳು, ಹೃದಯ, ಪಿತ್ತಜನಕಾಂಗ, ಕರುಳು ಮುಂದಕ್ಕೆ ಚಲಿಸಿ ಮೂಳೆಗೂಡಿಗೆ ಅಪ್ಪಳಿಸುತ್ತವೆ. ಇದು ಮೂರನೆಯದು. ಹೊರಗೆ ಒಂದು ಗೀರೂ ಇಲ್ಲದವರು ಆಸ್ಪತ್ರೆ ಸೇರುವಷ್ಟರಲ್ಲಿ ಕುಸಿಯುವುದಕ್ಕೆ ಈ ಮೂರನೆಯ ಡಿಕ್ಕಿಯೇ ಎಷ್ಟೋ ಸಲ ಕಾರಣ.

ವೇಗದ ಲೆಕ್ಕ ನೋಡೋಣ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಕಟ್ಟಡದ ತಾರಸಿಯಿಂದ ಬಿದ್ದವರು ನೆಲ ಮುಟ್ಟುವುದೂ ಇದೇ ವೇಗದಲ್ಲಿ. ಗಂಟೆಗೆ 100 ಕಿ.ಮೀ. ಆದರೆ ಎತ್ತರ ಎರಡು ಪಟ್ಟಲ್ಲ, ನಾಲ್ಕು ಪಟ್ಟು: ಸುಮಾರು 39 ಮೀಟರ್, ಹದಿಮೂರು ಅಂತಸ್ತು. "ಇಲ್ಲೇ ಹತ್ತಿರ, ಮಾರ್ಕೆಟ್‌ಗೆ ಹೋಗಿ ಬರೋದಕ್ಕೆ ಬೆಲ್ಟ್ ಯಾಕೆ?" ಎನ್ನುವವರು 40 ಕಿ.ಮೀ. ವೇಗದಲ್ಲಿ ಹೋದರೂ ಎರಡನೇ ಮಹಡಿಯಿಂದ ಬೀಳುವಷ್ಟು ಅಪಾಯವನ್ನು ಜೊತೆಗಿಟ್ಟುಕೊಂಡೇ ಹೋಗುತ್ತಿರುತ್ತಾರೆ.

ಬೀಳುವವರ ಗತಿಯನ್ನು ನಿರ್ಧರಿಸುವುದು ಅವರು ಎಷ್ಟು ದೂರದಲ್ಲಿ ನಿಲ್ಲುತ್ತಾರೆ ಎಂಬುದು. ಈಗಿನ ಕಾರುಗಳ ಮುಂಭಾಗವನ್ನು ಬೇಕೆಂದೇ ಮುದುಡುವಂತೆ ಕಟ್ಟಿರುತ್ತಾರೆ. ಆ ಭಾಗ ಅರ್ಧ ಮೀಟರಿನಷ್ಟು ಮುದುಡುವ ಹೊತ್ತಿನಲ್ಲಿ ಬೆಲ್ಟ್ ನಮ್ಮನ್ನು ಸೀಟಿಗೆ ಹಿಡಿದಿಟ್ಟು, ತಾನೂ ತುಸು ಹಿಗ್ಗಿ, ಕಾರಿನ ಜೊತೆಗೇ ನಮ್ಮ ವೇಗವನ್ನೂ ಇಳಿಸುತ್ತದೆ. 50 ಕಿ.ಮೀ. ವೇಗದಲ್ಲಿದ್ದ ದೇಹ 60 ಸೆಂ.ಮೀ. ದೂರದಲ್ಲಿ ನಿಂತರೆ ಅದರ ಮೇಲೆ ಬೀಳುವ ಬಲ ಸ್ವಂತ ತೂಕದ 16 ಪಟ್ಟು. ಬೆಲ್ಟ್ ಇಲ್ಲದವರಿಗೆ ಕಾರಿನ ಈ ಮುದುಡುವಿಕೆಯಿಂದ ಏನೂ ಲಾಭವಿಲ್ಲ. ಕಾರು ನಿಂತಾದ ಮೇಲೆ ಅವರು ಡ್ಯಾಶ್‌ಬೋರ್ಡಿಗೆ ಬಡಿದು ನಾಲ್ಕೈದು ಸೆಂ.ಮೀ. ಒಳಗೆ ನಿಲ್ಲಬೇಕು. ಆಗ ಬೀಳುವ ಬಲ ತೂಕದ 200 ಪಟ್ಟು.

ಬೆಲ್ಟ್ ಹಾಕಿದವರಿಗೂ ಹೊರೆ ಕಡಿಮೆಯೇನಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 70 ಕೆ.ಜಿ. ತೂಕದ ಮನುಷ್ಯನಿಗೆ 16 ಪಟ್ಟು ಎಂದರೆ ಸಾವಿರದ ನೂರು ಕೆ.ಜಿ.ಗೂ ಹೆಚ್ಚು. ಒಂದು ಸಣ್ಣ ಕಾರಿನ ತೂಕದಷ್ಟು ಬಲವನ್ನು ಐದು ಸೆಂ.ಮೀ. ಅಗಲವೂ ಇಲ್ಲದ ಪಟ್ಟಿಯೊಂದು ಕ್ಷಣಕಾಲ ನಮ್ಮ ಮೈಮೇಲೆ ಒತ್ತುತ್ತದೆ. ಅದನ್ನು ಹೊರುವ ಜಾಗ ಯಾವುದು ಎಂಬ ಪ್ರಶ್ನೆ ಏಳುವುದು ಇಲ್ಲಿಂದಲೇ.

ಹೊಟ್ಟೆಯಿಂದ ಮೂಳೆಗೆ ಬಂದ ದಾರಿ

ಸರಿಯಾಗಿ ಕಟ್ಟಿ ಹಿಡಿದರೆ ಮನುಷ್ಯನ ಮೈ ಎಷ್ಟು ತಡೆಯಬಲ್ಲದು ಎಂಬುದನ್ನು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್ ತಮ್ಮ ಮೈಮೇಲೆಯೇ ಪ್ರಯೋಗ ಮಾಡಿ ತೋರಿಸಿದರು. 1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೋದ ಹಾಲೊಮನ್ ವಾಯುನೆಲೆಯಲ್ಲಿ ರಾಕೆಟ್ ಕಟ್ಟಿದ ಜಾರುಬಂಡಿಯಲ್ಲಿ ಕೂತು ಗಂಟೆಗೆ 1,000 ಕಿ.ಮೀ. ಮೀರಿದ ವೇಗ ಮುಟ್ಟಿದರು. 1.4 ಸೆಕೆಂಡಿನಲ್ಲಿ ಬಂಡಿ ನಿಂತಿತು. ತೂಕದ 46 ಪಟ್ಟು ಬಲ ಅವರ ಮೇಲೆ ಬಿತ್ತು. ಕಣ್ಣಿನ ರಕ್ತನಾಳಗಳು ಒಡೆದು ಸ್ವಲ್ಪ ಹೊತ್ತು ದೃಷ್ಟಿ ಮಂಜಾಯಿತು, ಆದರೂ ಬದುಕಿದರು. 89ನೇ ವಯಸ್ಸಿನವರೆಗೆ ತುಂಬು ಜೀವನ ನಡೆಸಿದ ಅವರು, ಕಾರುಗಳಿಗೂ ಬೆಲ್ಟ್ ಬೇಕೆಂದು ಕೊನೆಯವರೆಗೆ ವಾದಿಸಿದರು.

ಆ ಕಾಲದ ಕಾರುಗಳಲ್ಲಿ ಬೆಲ್ಟ್ ಇದ್ದರೂ ಅದು ತೊಡೆಯ ಮೇಲೆ ಅಡ್ಡ ಹಾಯುವ ಒಂದೇ ಪಟ್ಟಿ, ವಿಮಾನದ ಸೀಟಿನಲ್ಲಿ ಈಗಲೂ ಇರುವಂಥದ್ದು. ಅದು ಜನರನ್ನು ಕಾರಿನಿಂದ ಹೊರಗೆ ಬೀಳದಂತೆ ತಡೆಯಿತು. ಆದರೆ ಹೊಸದೊಂದು ಬಗೆಯ ಗಾಯವನ್ನು ವೈದ್ಯರು ನೋಡತೊಡಗಿದರು. ಪಟ್ಟಿ ಮೇಲಕ್ಕೆ ಸರಿದು ಹೊಟ್ಟೆಯ ಮೇಲೆ ಕೂತಾಗ, ಅದಕ್ಕೂ ಬೆನ್ನುಮೂಳೆಗೂ ನಡುವೆ ಸಿಕ್ಕಿ ಕರುಳು ಹರಿಯುತ್ತಿತ್ತು. ಮೈ ಆ ಪಟ್ಟಿಯ ಮೇಲೆ ಮುಂದಕ್ಕೆ ಮಡಚಿಕೊಂಡು ಸೊಂಟದ ಕಶೇರುಮಣಿ ಅಡ್ಡಲಾಗಿ ಸೀಳುತ್ತಿತ್ತು. ಅಂಥ ಬೆನ್ನುಮೂಳೆಯ ಮುರಿತವನ್ನು 1948ರಲ್ಲೇ ವಿವರಿಸಿದ್ದ ಬ್ರಿಟಿಷ್ ವಿಕಿರಣ ತಜ್ಞ ಚಾನ್ಸ್ ಅವರ ಹೆಸರಿನಿಂದ ಅದನ್ನು ಇಂದಿಗೂ ಕರೆಯುತ್ತಾರೆ. 1962ರಲ್ಲಿ ಗ್ಯಾರೆಟ್ ಮತ್ತು ಬ್ರಾನ್‌ಸ್ಟೈನ್ ಎಂಬ ಸಂಶೋಧಕರು ಈ ಗಾಯಗಳನ್ನೆಲ್ಲ ಒಟ್ಟುಗೂಡಿಸಿ 'ಸೀಟ್ ಬೆಲ್ಟ್ ಸಿಂಡ್ರೋಮ್' ಎಂದು ಕರೆದರು.

ಇದಕ್ಕೆ ಉತ್ತರ ಅಷ್ಟರಲ್ಲಾಗಲೇ ಸ್ವೀಡನ್ನಿನಲ್ಲಿ ಸಿದ್ಧವಾಗಿತ್ತು. ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಚಾಲಕರನ್ನು ಹೊರಕ್ಕೆ ಚಿಮ್ಮಿಸುವ ಸೀಟುಗಳ ಮೇಲೆ ಕೆಲಸ ಮಾಡಿದ್ದ ಎಂಜಿನಿಯರ್ ನಿಲ್ಸ್ ಬೊಲಿನ್ 1958ರಲ್ಲಿ ವೋಲ್ವೊ ಸೇರಿದರು. ಅವರು ಕೇಳಿಕೊಂಡದ್ದು ಸರಳ ಪ್ರಶ್ನೆ: ಮೈಯಲ್ಲಿ ಅತಿ ಹೆಚ್ಚು ಬಲ ತಡೆಯುವ ಜಾಗಗಳು ಯಾವುವು? ಕೆಳಗೆ ಸೊಂಟದ ಮೂಳೆ, ಮೇಲೆ ಹೆಗಲಿನಿಂದ ಎದೆಗೂಡು. ಇವೆರಡರ ಮೇಲೂ ಹಾಯುವ ಒಂದೇ ಪಟ್ಟಿಯನ್ನು ಮೂರು ಕಡೆ ಬಿಗಿದು, ಒಂದೇ ಕೈಯಲ್ಲಿ ಹಾಕಿಕೊಳ್ಳುವಂತೆ ಮಾಡಿದರು. 1959ರ ಆಗಸ್ಟ್‌ನಲ್ಲಿ ಆ ಬೆಲ್ಟ್ ಇದ್ದ ಮೊದಲ ಕಾರು ಮಾರಾಟಕ್ಕೆ ಬಂತು. ವೋಲ್ವೊ ತನ್ನ ಪೇಟೆಂಟ್ ಹಕ್ಕನ್ನು ಗಂಟು ಕಟ್ಟಿಟ್ಟುಕೊಳ್ಳದೆ ಎಲ್ಲ ತಯಾರಕರಿಗೂ ಬಿಟ್ಟುಕೊಟ್ಟಿತು. 1967ರಲ್ಲಿ ಬೊಲಿನ್ ಸ್ವೀಡನ್ನಿನ 28,000 ಅಪಘಾತಗಳ ವಿಶ್ಲೇಷಣೆಯನ್ನು ಮುಂದಿಟ್ಟ ಮೇಲೆ ಅನುಮಾನಕ್ಕೆ ಹೆಚ್ಚು ಜಾಗ ಉಳಿಯಲಿಲ್ಲ. 1970ರ ಕೊನೆಯಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಬೆಲ್ಟ್ ಧರಿಸುವುದನ್ನು ಕಡ್ಡಾಯ ಮಾಡಿತು. ಜಗತ್ತಿನಲ್ಲಿ ಅಂಥ ಕಾನೂನು ಅದೇ ಮೊದಲು.

ಇಂದು ನಮ್ಮ ಕಾರಿನಲ್ಲಿರುವುದು ಬೊಲಿನ್ ಅವರ ಅದೇ ಮೂರು ಬಿಂದುಗಳ ಬೆಲ್ಟ್. ಅದನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡವರು ಅರವತ್ತು ವರ್ಷ ಹಿಂದಿನ ಗಾಯಗಳಿಗೆ ತಾವಾಗಿಯೇ ಮರಳುತ್ತಾರೆ.

ಕೆಳಗಿನ ಪಟ್ಟಿ: ಸೊಂಟದ ಮೂಳೆಗೆ

ನಮ್ಮ ಹೆಣ್ಣುಮಕ್ಕಳು ನೀರಿನ ಬಿಂದಿಗೆಯನ್ನು ಸೊಂಟದ ಮೂಳೆಯ ಮೇಲೆ ಕೂರಿಸಿಕೊಂಡು ನಡೆಯುತ್ತಾರೆ. ಹೊಟ್ಟೆಗೆ ಆನಿಸಿಕೊಂಡು ಯಾರೂ ಹೊರುವುದಿಲ್ಲ. ಮೈಯ ಭಾರವನ್ನೆಲ್ಲ ಕಾಲಿಗೆ ದಾಟಿಸುವ ಆ ಮೂಳೆ ಹೊರೆ ತಡೆಯಲೆಂದೇ ಇದೆ. ಬೆಲ್ಟಿನ ಕೆಳಗಿನ ಪಟ್ಟಿ ಕೂರಬೇಕಾದದ್ದೂ ಅಲ್ಲಿಯೇ.

ಕೂತಲ್ಲೇ ಎರಡೂ ಕೈಯನ್ನು ಸೊಂಟದ ಮುಂಭಾಗಕ್ಕೆ ಒತ್ತಿ ನೋಡಿ. ಇಕ್ಕೆಲದಲ್ಲೂ ಗಟ್ಟಿಯಾದ ಮೂಳೆಯ ಅಂಚು ಸಿಗುತ್ತದೆ. ಪಟ್ಟಿ ಆ ಅಂಚಿಗಿಂತ ಕೆಳಗೆ, ತೊಡೆಯ ಬುಡವನ್ನು ಸವರುವಂತಿರಬೇಕು. ಬೆಲ್ಟ್ ಸಿಕ್ಕಿಸಿದ ಮೇಲೆ ಕೆಳಗಿನ ಪಟ್ಟಿಯನ್ನು ಒಮ್ಮೆ ಕೈಯಿಂದ ಕೆಳಕ್ಕೆ ತಳ್ಳಿ, ಅನಂತರ ಎದೆಯ ಪಟ್ಟಿಯನ್ನು ಮೇಲಕ್ಕೆ ಎಳೆದು ಸಡಿಲ ತೆಗೆಯಿರಿ. ಇಷ್ಟಕ್ಕೆ ಎರಡು ಸೆಕೆಂಡು ಸಾಕು.

ಬೊಜ್ಜು ಇರುವವರಲ್ಲಿ ಪಟ್ಟಿ ಹೊಟ್ಟೆಯ ಮೇಲೆ ಏರಿ ಕೂರುವುದು ಸಾಮಾನ್ಯ. ಹೊಟ್ಟೆಯನ್ನು ತುಸು ಎತ್ತಿ ಅದರ ಅಡಿಯಿಂದ ಪಟ್ಟಿ ಹಾಯಿಸಬೇಕು. ಸೀರೆ ಉಟ್ಟವರಿಗೆ ನೆರಿಗೆಯ ಗಂಟು ಹೊಕ್ಕುಳ ಹತ್ತಿರ ದಪ್ಪಗಿರುತ್ತದೆ. ಪಟ್ಟಿ ಆ ಗಂಟಿನ ಮೇಲೆ ಕೂತರೆ ಅಪಘಾತದಲ್ಲಿ ಹೊಟ್ಟೆಗೇ ಒತ್ತುತ್ತದೆ. ನೆರಿಗೆ ಕೆಡುತ್ತದೆಂದು ಹಿಂಜರಿಯದೆ ಅದನ್ನು ಗಂಟಿನ ಕೆಳಗೆ ಸರಿಸಿಕೊಳ್ಳಿ. ಉಣ್ಣೆಯ ದಪ್ಪ ಜಾಕೆಟ್ ತೊಟ್ಟವರು ಅದರ ಮುಂಭಾಗ ತೆರೆದು ಪಟ್ಟಿಯನ್ನು ಒಳಗಿನ ಬಟ್ಟೆಯ ಮೇಲೆ ಹಾಯಿಸಬೇಕು. ಸೊಂಟದ ಜೇಬಿನಲ್ಲಿರುವ ಮೊಬೈಲು, ಬೀಗದ ಕೈ ಗೊಂಚಲು ಪಟ್ಟಿಯ ಅಡಿ ಸಿಕ್ಕದಿರಲಿ.

ಹಳೆಯ ಕಾರುಗಳ ಹಿಂದಿನ ಸೀಟಿನ ನಡುವೆ ಈಗಲೂ ತೊಡೆಯ ಪಟ್ಟಿ ಮಾತ್ರ ಇರುವುದುಂಟು. ಅದೂ ಇಲ್ಲದ್ದಕ್ಕಿಂತ ಮೇಲು. ಆದರೆ ತಗ್ಗಾಗಿ, ಬಿಗಿಯಾಗಿ ಕಟ್ಟಿಕೊಳ್ಳುವ ಎಚ್ಚರ ಅಲ್ಲಿ ಇಮ್ಮಡಿ ಬೇಕು.

ಮೇಲಿನ ಪಟ್ಟಿ: ಹೆಗಲ ನಡುವೆ

ಮೇಲಿನ ಪಟ್ಟಿ ಕುತ್ತಿಗೆಗೂ ತೋಳಿನ ತುದಿಗೂ ನಡುವೆ, ಕೊರಳೆಲುಬಿನ ಮಧ್ಯಭಾಗದ ಮೇಲೆ ಹಾದು, ಎದೆಯ ನಡುವಿನ ಚಪ್ಪಟೆ ಮೂಳೆಯನ್ನು ದಾಟಿ ಎದುರು ಸೊಂಟಕ್ಕೆ ಇಳಿಯಬೇಕು. ಕುತ್ತಿಗೆಗೆ ಉಜ್ಜಿದರೆ ಪಟ್ಟಿ ಎತ್ತರವಾಗಿದೆ ಎಂದು ಅರ್ಥ. ತೋಳಿನ ಕಡೆಗೆ ಜಾರಿದರೆ ತಗ್ಗಾಗಿದೆ. ಬಹಳಷ್ಟು ಕಾರುಗಳಲ್ಲಿ ಬಾಗಿಲ ಕಂಬದ ಮೇಲೆ ಬೆಲ್ಟಿನ ಕೊಂಡಿಯನ್ನು ಮೇಲೆ ಕೆಳಗೆ ಸರಿಸುವ ಗುಂಡಿ ಇರುತ್ತದೆ. ಕಾರು ಕೊಂಡು ವರ್ಷಗಳಾದರೂ ಅದನ್ನು ಮುಟ್ಟದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಎತ್ತರದಲ್ಲಿ ವ್ಯತ್ಯಾಸವಿರುವ ಗಂಡ ಹೆಂಡತಿ ಒಂದೇ ಕಾರು ಓಡಿಸುವ ಮನೆಗಳಲ್ಲಿ ಕನ್ನಡಿಯನ್ನು ಸರಿಪಡಿಸಿಕೊಳ್ಳುವಂತೆ ಇದನ್ನೂ ಪ್ರತಿ ಸಲ ಸರಿಪಡಿಸಿಕೊಳ್ಳಬೇಕು.

ಪಟ್ಟಿಯನ್ನು ಕಂಕುಳ ಕೆಳಗೆ ತೂರಿಸುವುದು ಅತಿ ಅಪಾಯದ ತಪ್ಪುಗಳಲ್ಲಿ ಒಂದು. ಆಗ ಹೆಗಲು ಹೊರಬೇಕಾದ ಬಲವೆಲ್ಲ ಕೆಳಪಕ್ಕೆಲುಬುಗಳ ಮೇಲೆ ಬೀಳುತ್ತದೆ. ಅವು ತೆಳು, ಮುರಿದರೆ ಒಳಗೆ ಚುಚ್ಚುವುದು ಬಲಗಡೆ ಪಿತ್ತಜನಕಾಂಗಕ್ಕೆ, ಎಡಗಡೆ ಗುಲ್ಮಕ್ಕೆ. ಎರಡೂ ರಕ್ತ ತುಂಬಿದ ಅಂಗಗಳು. ಪಟ್ಟಿಯನ್ನು ಬೆನ್ನ ಹಿಂದೆ ಬಿಟ್ಟುಕೊಂಡರೆ ಮೇಲ್ಮೈಗೆ ಹಿಡಿತವೇ ಇಲ್ಲ. ತಲೆ ನೇರ ಸ್ಟಿಯರಿಂಗ್‌ಗೆ ಬಡಿಯುತ್ತದೆ.

ತಿರುಚಿಕೊಂಡ ಪಟ್ಟಿಯೂ ಹಾಗೆಯೇ. ಅದರ ಅಗಲವೇ ಅದರ ಗುಣ. ಬಲ ಹರಡಿದಷ್ಟೂ ಗಾಯ ಕಡಿಮೆ. ತಿರುಚಿದಾಗ ಅಂಚು ಮಾತ್ರ ಮೈಗೆ ತಾಗಿ ಕೊಯ್ಯುತ್ತದೆ.

ಒರಗಿದ ಸೀಟು, ಸಡಿಲ ಪಟ್ಟಿ

ರಾತ್ರಿ ಊರಿಗೆ ಹೊರಟಾಗ ಚಾಲಕನ ಪಕ್ಕದವರು ಸೀಟನ್ನು ಹಿಂದಕ್ಕೆ ಬಾಗಿಸಿ ಮಲಗುವುದು ವಾಡಿಕೆ. ಬೆಲ್ಟ್ ಹಾಕಿದ್ದೇನಲ್ಲ ಎಂಬ ನೆಮ್ಮದಿಯೂ ಅವರಿಗಿರುತ್ತದೆ. ಸೀಟು ಬಾಗಿದಾಗ ಎದೆಗೂ ಪಟ್ಟಿಗೂ ನಡುವೆ ಗಾಳಿಯಾಡುತ್ತದೆ. ಡಿಕ್ಕಿಯಾದರೆ ಸೊಂಟ ಕೆಳಪಟ್ಟಿಯ ಅಡಿಯಿಂದ ಮುಂದಕ್ಕೆ ಜಾರಿ, ಪಟ್ಟಿ ಹೊಟ್ಟೆಗೆ ಏರುತ್ತದೆ, ಮೇಲಿನ ಪಟ್ಟಿ ಕುತ್ತಿಗೆಗೆ ಬರುತ್ತದೆ. ಇದರ ಪರಿಣಾಮ ಕರುಳು, ಬೆನ್ನುಮೂಳೆ, ಗಂಟಲು ಮೂರನ್ನೂ ಮುಟ್ಟಬಹುದು. ಗಾಡಿ ಓಡುತ್ತಿರುವಾಗ ಬೆನ್ನು ನೆಟ್ಟಗೆ ಸೀಟಿಗೆ ತಾಗಿರಲಿ, ಸೊಂಟ ಸೀಟಿನ ಮೂಲೆಗೆ ಒತ್ತಿರಲಿ. ಮಲಗಲೇಬೇಕಾದರೆ ಗಾಡಿ ನಿಲ್ಲಿಸಿ ಮಲಗಬಹುದು.

ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಿ ಕೂರುವುದೂ ಇದೇ ಸಾಲಿಗೆ ಸೇರಿದ್ದು. ಅದರೊಳಗಿನ ಏರ್‌ಬ್ಯಾಗ್ ಗಂಟೆಗೆ 300 ಕಿ.ಮೀ. ಆಸುಪಾಸಿನ ವೇಗದಲ್ಲಿ ಸ್ಫೋಟಿಸಿ ಹೊರಬರುತ್ತದೆ. ತೊಡೆಮೂಳೆಯನ್ನೂ ಸೊಂಟದ ಕೀಲನ್ನೂ ಅದು ಹಿಂದಕ್ಕೆ ತಳ್ಳಿ ಮುರಿಯಬಲ್ಲದು.

"ನಮ್ಮ ಕಾರಲ್ಲಿ ಏರ್‌ಬ್ಯಾಗ್ ಇದೆ, ಬೆಲ್ಟ್ ಬೇಕಿಲ್ಲ" ಎಂಬ ಮಾತನ್ನು ಓದಿದವರೂ ಆಡುತ್ತಾರೆ. ಕಾರು ಕಟ್ಟುವವರ ಲೆಕ್ಕದಲ್ಲಿ ಬೆಲ್ಟ್ ಮೊದಲು, ಏರ್‌ಬ್ಯಾಗ್ ಅದರ ಸಹಾಯಕ. ಸೆನ್ಸರ್ ಡಿಕ್ಕಿಯನ್ನು ಗುರುತಿಸಿದ ಕೆಲವೇ ಮಿಲಿಸೆಕೆಂಡುಗಳಲ್ಲಿ, ಆ ಸೌಲಭ್ಯವಿರುವ ಕಾರುಗಳಲ್ಲಿ, ಪ್ರಿಟೆನ್ಷನರ್ ಎಂಬ ಪುಟ್ಟ ಸಿಡಿಮದ್ದಿನ ಸಾಧನ ಬೆಲ್ಟಿನ ಸಡಿಲವನ್ನು ಒಳಗೆಳೆದು ಮೈಯನ್ನು ಸೀಟಿಗೆ ಬಿಗಿಯುತ್ತದೆ. ಅದರ ಬೆನ್ನಲ್ಲೇ ಏರ್‌ಬ್ಯಾಗ್ ಪೂರ್ತಿ ಉಬ್ಬುತ್ತದೆ. ಬಿಗಿದ ಮೈ ಮುಂದಕ್ಕೆ ಬಾಗಿ ಉಬ್ಬಿದ ಚೀಲವನ್ನು ಸೇರುತ್ತದೆ. ಆಗ ಲೋಡ್ ಲಿಮಿಟರ್ ಎಂಬ ಇನ್ನೊಂದು ಭಾಗ ಪಟ್ಟಿಯನ್ನು ಹದವಾಗಿ ಸಡಿಲಿಸಿ, ಪಕ್ಕೆಲುಬು ಮುರಿಯದಂತೆ ನೋಡಿಕೊಳ್ಳುತ್ತದೆ. ಬೆಲ್ಟ್ ಇಲ್ಲದವರು ಬ್ರೇಕ್ ಒತ್ತಿದಾಗಲೇ ಮುಂದಕ್ಕೆ ಬಂದಿರುತ್ತಾರೆ. ಚೀಲ ಉಬ್ಬುವ ಮೊದಲೇ ಅದರ ಬಾಯಿಗೆ ಎದೆಯನ್ನೋ ಮುಖವನ್ನೋ ಒಡ್ಡಿರುತ್ತಾರೆ. ಚಾಲಕರು ಎದೆಗೂ ಸ್ಟಿಯರಿಂಗ್‌ನ ನಡುಭಾಗಕ್ಕೂ ಕನಿಷ್ಠ 25 ಸೆಂ.ಮೀ. ಅಂತರ ಬಿಡಬೇಕು ಎನ್ನುವುದು ಇದೇ ಕಾರಣಕ್ಕೆ.

ಇಷ್ಟು ನಯವಾಗಿ ಹೆಣೆದ ವ್ಯವಸ್ಥೆಯನ್ನು ಹಾಳುಮಾಡುವ ಸರಕು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಬೆಲ್ಟ್ ಸಡಿಲ ನಿಲ್ಲುವಂತೆ ಹಿಡಿಯುವ ಕ್ಲಿಪ್ಪುಗಳು ಪ್ರಿಟೆನ್ಷನರ್‌ನ ಕೆಲಸವನ್ನೇ ಕೆಡಿಸುತ್ತವೆ. 2019ರ ಜುಲೈನಿಂದ ಹೊಸ ಕಾರುಗಳಲ್ಲಿ ಚಾಲಕ ಮತ್ತು ಪಕ್ಕದ ಸೀಟಿಗೆ ಎಚ್ಚರಿಕೆಯ ಬೀಪ್ ಕಡ್ಡಾಯವಾಯಿತು. ಅದರ ಬಾಯಿ ಮುಚ್ಚಿಸಲು ಬಕಲ್‌ಗೆ ಸಿಕ್ಕಿಸುವ ನಕಲಿ ನಾಲಿಗೆಗಳೂ ಬಂದವು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಜಾಲತಾಣಗಳಿಗೆ ಆದೇಶ ನೀಡಿ, ಇಂಥ 13,118 ಮಾರಾಟ ಪಟ್ಟಿಗಳನ್ನು ತೆಗೆಸಿತು. ನಿಮ್ಮ ಕಾರಿನಲ್ಲಿ ಅಂಥದೊಂದು ಇದ್ದರೆ ಇವತ್ತೇ ಕಿತ್ತೆಸೆಯಿರಿ.

ಬಸುರಿ, ಮಗು, ಅಜ್ಜಿ

ಬಸುರಿಯರು ಬೆಲ್ಟ್ ಹಾಕಬಾರದು ಎಂಬ ಮಾತು ಮನೆಯ ಹಿರಿಯರ ಬಾಯಲ್ಲಿ ಪ್ರೀತಿಯಿಂದಲೇ ಬರುತ್ತದೆ. ಮಗುವಿಗೆ ಒತ್ತುತ್ತದೆ ಎಂಬ ಭಯ. ವೈದ್ಯರು ಹೇಳುವುದು ಇದಕ್ಕೆ ವಿರುದ್ಧ: ಗರ್ಭದಲ್ಲಿರುವ ಮಗುವಿನ ಉಳಿವು ತಾಯಿಯ ಉಳಿವನ್ನೇ ನಂಬಿದೆ. ಕೆಳಗಿನ ಪಟ್ಟಿ ಬಸಿರಿನ ಉಬ್ಬಿನ ಅಡಿಯಲ್ಲಿ, ಸೊಂಟದ ಮೂಳೆ ಮತ್ತು ತೊಡೆಗಳ ಮೇಲಿರಬೇಕು. ಮೇಲಿನ ಪಟ್ಟಿ ಸ್ತನಗಳ ನಡುವೆ ಹಾದು ಉಬ್ಬಿನ ಪಕ್ಕದಿಂದ ಇಳಿಯಬೇಕು. ಎರಡೂ ಪಟ್ಟಿ ಉಬ್ಬನ್ನು ಅಡ್ಡ ಹಾಯಬಾರದು. ಸಣ್ಣ ಡಿಕ್ಕಿಯಾದರೂ ಬಸುರಿಯನ್ನು ವೈದ್ಯರಿಗೆ ತೋರಿಸಲೇಬೇಕು. ಹೊರಗೆ ಏನೂ ಕಾಣದೆ ಒಳಗೆ ಮಾಸು ಗರ್ಭಕೋಶದ ಗೋಡೆಯಿಂದ ಬಿಡಿಸಿಕೊಂಡಿರಬಹುದು.

ಮಕ್ಕಳ ವಿಷಯದಲ್ಲಿ ನಮ್ಮ ದೊಡ್ಡ ತಪ್ಪು ಮಡಿಲು. ಅಮ್ಮನ ತೋಳಿಗಿಂತ ಸುರಕ್ಷಿತ ಜಾಗ ಇಲ್ಲ ಎಂದು ನಾವು ನಂಬಿದ್ದೇವೆ. 10 ಕೆ.ಜಿ. ಮಗು 50 ಕಿ.ಮೀ. ವೇಗದ ಡಿಕ್ಕಿಯಲ್ಲಿ, ಮೇಲಿನ ಲೆಕ್ಕದಂತೆ, 160 ಕೆ.ಜಿ. ಹೊರೆಯಾಗುತ್ತದೆ. ಯಾವ ತಾಯಿಯ ತೋಳಿಗೂ ಅದನ್ನು ಹಿಡಿಯುವ ಶಕ್ತಿಯಿಲ್ಲ. ತಾಯಿ ಬೆಲ್ಟ್ ಹಾಕಿರದಿದ್ದರೆ ಅವಳ ಮೈಭಾರವೂ ಮಗುವಿನ ಮೇಲೆಯೇ ಬೀಳುತ್ತದೆ. ಒಂದೇ ಬೆಲ್ಟಿನೊಳಗೆ ಇಬ್ಬರೂ ಇದ್ದರೆ ಮಗು ಪಟ್ಟಿಗೂ ತಾಯಿಗೂ ನಡುವೆ ನಜ್ಜಾಗುತ್ತದೆ.

ಕೂಸುಗಳಿಗೆ ಹಿಮ್ಮುಖವಾಗಿ ಕೂರಿಸುವ ಮಕ್ಕಳ ಸೀಟು ಬೇಕು. ಅವರ ತಲೆ ದೊಡ್ಡದು, ಕುತ್ತಿಗೆ ಎಳೆಯದು. ಹಿಮ್ಮುಖವಾಗಿದ್ದರೆ ಬಲವನ್ನು ಇಡೀ ಬೆನ್ನು ಹಂಚಿಕೊಳ್ಳುತ್ತದೆ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಅದನ್ನು ಎಂದೂ ಇಡಬಾರದು. ಬೆಳೆದ ಮಕ್ಕಳಿಗೆ ಬೆಲ್ಟ್ ಸಾಕೆಂದು ನಾವು ಬೇಗ ತೀರ್ಮಾನಿಸುತ್ತೇವೆ. ಸುಮಾರು ಹತ್ತು ವರ್ಷದವರೆಗೆ ಸೊಂಟದ ಮೂಳೆಯ ಮುಂಚಾಚು ಪೂರ್ತಿ ಬಲಿತಿರುವುದಿಲ್ಲ. ಪಟ್ಟಿಯನ್ನು ಹಿಡಿದು ನಿಲ್ಲಿಸಲು ಅಂಚು ಸಿಗದೆ ಅದು ಹೊಟ್ಟೆಗೆ ಜಾರುತ್ತದೆ. ಮಗುವಿನ ಎತ್ತರ ಸುಮಾರು 145 ಸೆಂ.ಮೀ. ಆಗುವವರೆಗೆ ಬೂಸ್ಟರ್ ಸೀಟಿನ ಮೇಲೆ ಕೂರಿಸಿ ಬೆಲ್ಟ್ ಹಾಕಬೇಕು. ಬೂಸ್ಟರ್ ಬಿಡಿಸುವ ಮುನ್ನ ನೋಡಿ: ಬೆನ್ನು ಸೀಟಿಗೆ ತಾಗಿದೆಯೇ, ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚುತ್ತಿದೆಯೇ, ಕೆಳಪಟ್ಟಿ ತೊಡೆಯ ಬುಡದಲ್ಲಿದೆಯೇ, ಮೇಲ್ಪಟ್ಟಿ ಹೆಗಲ ನಡುವೆ ಇದೆಯೇ, ಪ್ರಯಾಣ ಮುಗಿಯುವವರೆಗೂ ಹೀಗೇ ಕೂರಬಲ್ಲದೇ. ಐದಕ್ಕೂ ಹೌದು ಎಂಬ ಉತ್ತರ ಬಂದರೆ ಮಾತ್ರ ಬೂಸ್ಟರ್ ಸಾಕು ಮಾಡಿ.

ಅಜ್ಜಿ ತಾತಂದಿರಿಗೆ ಉಸಿರುಗಟ್ಟುತ್ತದೆ, ಬೆಲ್ಟ್ ಬೇಡ ಎಂದು ಬಿಟ್ಟುಬಿಡುತ್ತೇವೆ. ವಯಸ್ಸಾದಂತೆ ಮೂಳೆ ಟೊಳ್ಳಾಗುತ್ತದೆ, ಬೆಲ್ಟಿನಿಂದ ಪಕ್ಕೆಲುಬು ಬಿರುಕು ಬಿಡಬಹುದು, ನಿಜ. ಬೆಲ್ಟ್ ಇಲ್ಲದಿದ್ದರೆ ಅದೇ ಟೊಳ್ಳು ಮೂಳೆ ಗಾಜಿಗೋ ಕಬ್ಬಿಣಕ್ಕೋ ಬಡಿಯುತ್ತದೆ. ಅವರ ಕೈಗೆ ಬಕಲ್ ಎಟುಕದಿದ್ದರೆ ಜೊತೆಗಿದ್ದವರು ಬಗ್ಗಿ ಹಾಕಿಕೊಡಬೇಕು. ಅಜ್ಜಿಗೆ ಬೆಲ್ಟ್ ಹಾಕಿಕೊಡುವುದು ಮೊಮ್ಮಕ್ಕಳ ಕೆಲಸವಾದರೆ ಆ ಮಕ್ಕಳೂ ಅದನ್ನು ಬದುಕಿಡೀ ಬಿಡುವುದಿಲ್ಲ.

ಹಿಂದಿನ ಸೀಟು

2022ರ ಸೆಪ್ಟೆಂಬರ್ 4ರಂದು ಮುಂಬೈ–ಅಹಮದಾಬಾದ್ ಹೆದ್ದಾರಿಯಲ್ಲಿ, ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿ ಸೇತುವೆಯ ಬಳಿ, ಉದ್ಯಮಿ ಸೈರಸ್ ಮಿಸ್ತ್ರಿ ಇದ್ದ ಕಾರು ತಡೆಗೋಡೆಗೆ ಗುದ್ದಿತು. ಹಿಂದೆ ಕೂತಿದ್ದ ಅವರೂ ಇನ್ನೊಬ್ಬರೂ ತೀರಿಕೊಂಡರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ತಿಳಿಸಿದರು. ಮುಂದಿದ್ದ ಇಬ್ಬರು ತೀವ್ರವಾಗಿ ಗಾಯಗೊಂಡರೂ ಬದುಕುಳಿದರು. ಬೆಲೆಬಾಳುವ ಕಾರು, ಹಗಲು ಹೊತ್ತು. ಹಿಂದಿನ ಸೀಟು ಸುರಕ್ಷಿತ ಎಂಬ ನಂಬಿಕೆಯನ್ನು ಆ ಒಂದು ದಿನ ದೇಶದಲ್ಲೆಲ್ಲ ಅಲುಗಾಡಿಸಿತು.

ಹಿಂದೆ ಬೆಲ್ಟ್ ಇಲ್ಲದೆ ಕೂತವರು ತಮ್ಮ ಜೀವವನ್ನು ಮಾತ್ರ ಪಣಕ್ಕಿಡುವುದಿಲ್ಲ. ಜಪಾನಿನ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಅಪಘಾತಗಳ ದಾಖಲೆ ಪರಿಶೀಲಿಸಿ 2002ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ ವರದಿ ಇದನ್ನು ಸ್ಪಷ್ಟಪಡಿಸಿತು. ಹಿಂದಿನವರು ಬೆಲ್ಟ್ ಹಾಕಿರದಿದ್ದರೆ, ಮುಂದೆ ಬೆಲ್ಟ್ ಹಾಕಿ ಕೂತವರು ಸಾಯುವ ಅಪಾಯ ಸುಮಾರು ಐದು ಪಟ್ಟು ಹೆಚ್ಚುತ್ತದೆ. ಹಿಂದಿನಿಂದ ಟನ್ನುಗಟ್ಟಲೆ ಬಲದಲ್ಲಿ ಬಂದ ಮೈ ಮುಂದಿನ ಸೀಟನ್ನೇ ಮುರಿದು ಅವರನ್ನು ಸ್ಟಿಯರಿಂಗ್‌ಗೆ ಒತ್ತುತ್ತದೆ. ನಾನು ಬೆಲ್ಟ್ ಹಾಕದಿದ್ದರೆ ಅಪಾಯ ನನಗೊಬ್ಬನಿಗೆ ತಾನೆ ಎನ್ನುವುದು, ಮುಂದೆ ಕೂತ ಮಗನ ಅಥವಾ ಸೊಸೆಯ ದೃಷ್ಟಿಯಿಂದ ನೋಡಿದರೆ, ಸರಿಯಲ್ಲ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದಿನ ಸೀಟಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂತವರಿಗೂ ಬೆಲ್ಟ್ ಕಡ್ಡಾಯ ಮಾಡಿವೆ. 2019ರ ತಿದ್ದುಪಡಿಯಲ್ಲಿ ಸೇರಿದ 194ಬಿ ಕಲಂ ಪ್ರಕಾರ ಬೆಲ್ಟ್ ಇಲ್ಲದೆ ಓಡಿಸಿದರೂ, ಬೆಲ್ಟ್ ಹಾಕದವರನ್ನು ಕೂರಿಸಿಕೊಂಡು ಓಡಿಸಿದರೂ ದಂಡ 1,000 ರೂಪಾಯಿ. ಹದಿನಾಲ್ಕು ತುಂಬದ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೂ ಅಷ್ಟೇ. ಹೊಣೆ ಚಾಲಕನದು ಎಂಬ ಮಾತು ಇಲ್ಲಿ ಗಮನಾರ್ಹ. ಹಿಂದೆ ಕೂತವರು ಅತ್ತೆಯಾಗಲಿ, ಮೇಲಧಿಕಾರಿಯಾಗಲಿ, ಬೆಲ್ಟ್ ಹಾಕಿ ಎಂದು ಕೇಳುವ ಹಕ್ಕನ್ನು ಕಾನೂನೇ ಚಾಲಕನಿಗೆ ಕೊಟ್ಟಿದೆ.

ಬೆಂಕಿ ಹತ್ತಿದರೆ, ಕೆರೆಗೆ ಬಿದ್ದರೆ ಬೆಲ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲವೇ ಎಂಬ ಅನುಮಾನ ಹಲವರಿಗಿದೆ. ಅಂಥ ಸಂದರ್ಭಗಳು ಅಪರೂಪ. ಅಲ್ಲಿಯೂ ಬಾಗಿಲು ತೆಗೆದು ಹೊರಬರಲು ಮೊದಲು ಎಚ್ಚರವಾಗಿರಬೇಕು. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರು ಬೆಲ್ಟ್ ಇಲ್ಲದಿದ್ದರೂ ಹೊರಬರಲಾರರು. ಕಾರಿನಿಂದ ಹೊರಗೆ ಎಸೆಯಲ್ಪಟ್ಟರೆ ಬದುಕುತ್ತೇವೆ ಎಂಬುದೂ ಭ್ರಮೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ದಾಖಲೆಗಳಲ್ಲಿ, ಮಾರಕ ಅಪಘಾತಗಳಲ್ಲಿ ಪೂರ್ತಿ ಹೊರಕ್ಕೆ ಎಸೆಯಲ್ಪಟ್ಟ ನಾಲ್ವರಲ್ಲಿ ಮೂವರಿಗೂ ಹೆಚ್ಚು ಮಂದಿ ಸತ್ತಿದ್ದಾರೆ.

ಅಪಘಾತದ ಮರುದಿನ

ಸರಿಯಾಗಿ ಹಾಕಿದ ಬೆಲ್ಟೂ ಎದೆಯ ಮೇಲೆ, ಸೊಂಟದ ಮೇಲೆ ಕಪ್ಪು ಗೆರೆ ಉಳಿಸಬಹುದು. ಆ ಗೆರೆ ಹೊಟ್ಟೆಯ ಮೇಲಿದ್ದರೆ ಎಚ್ಚರ. ಕರುಳಿನ ತೂತು ಕೆಲವೊಮ್ಮೆ ಕೂಡಲೇ ನೋವು ಕೊಡದೆ, ಮಾರನೆಯ ದಿನ ಜ್ವರ, ವಾಂತಿ, ಹೊಟ್ಟೆ ಬಿಗಿತವಾಗಿ ಕಾಣಿಸುತ್ತದೆ. ಹೊಟ್ಟೆಯ ಮೇಲೆ ಬೆಲ್ಟಿನ ಗುರುತು, ಬೆನ್ನಿನ ನಡುವೆ ನೋವು, ಕುತ್ತಿಗೆಯಲ್ಲಿ ಗೆರೆ ಇದ್ದರೆ ಚೆನ್ನಾಗಿಯೇ ಇದ್ದೇನೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಿ, ಆ ಗುರುತನ್ನು ವೈದ್ಯರಿಗೆ ತೋರಿಸಿ. ಯಾವ ಸೀಟಿನಲ್ಲಿದ್ದಿರಿ, ಬೆಲ್ಟ್ ಹೇಗೆ ಹಾಕಿದ್ದಿರಿ ಎಂಬುದನ್ನೂ ಹೇಳಿ. ಎಲ್ಲಿ ಸ್ಕ್ಯಾನ್ ಮಾಡಬೇಕೆಂದು ಅವರಿಗೆ ಅದರಿಂದ ತಿಳಿಯುತ್ತದೆ.

ದೊಡ್ಡ ಡಿಕ್ಕಿಯಲ್ಲಿ ಒಮ್ಮೆ ಬಲ ಹೊತ್ತ ಬೆಲ್ಟಿನ ಎಳೆಗಳು ಹಿಗ್ಗಿರುತ್ತವೆ. ಸಿಡಿದ ಪ್ರಿಟೆನ್ಷನರ್ ಎರಡನೇ ಸಲ ಕೆಲಸ ಮಾಡುವುದಿಲ್ಲ. ಬಾನೆಟ್ ಹೊಸದು ಹಾಕಿಸಿ ಹಳೆಯ ಬೆಲ್ಟನ್ನೇ ಉಳಿಸಿಕೊಳ್ಳುವುದು ತಪ್ಪು ಉಳಿತಾಯ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಎಂಜಿನ್ ಸದ್ದು ಕೇಳುವುದರ ಜೊತೆಗೆ ಪ್ರತಿ ಬೆಲ್ಟನ್ನೂ ಕೊನೆಯವರೆಗೆ ಎಳೆದು ನೋಡಬೇಕು. ಅಂಚು ಬಿಚ್ಚಿದೆಯೇ, ಥಟ್ಟನೆ ಎಳೆದಾಗ ಹಿಡಿದು ನಿಲ್ಲುತ್ತದೆಯೇ, ಬಿಟ್ಟಾಗ ಪೂರ್ತಿ ಒಳಗೆ ಹೋಗುತ್ತದೆಯೇ ಎಂದು ಪರೀಕ್ಷಿಸಬೇಕು.

ಈ ಭಾನುವಾರ ಮಾಡಬಹುದಾದ ಕೆಲಸ

ಕಾರು ತೊಳೆಯುವ ದಿನ ಹಿಂದಿನ ಸೀಟಿನ ಕವರ್ ಬಿಚ್ಚಿ. ಅಡಿಯಲ್ಲಿ ಅಡಗಿದ ಬಕಲ್‌ಗಳನ್ನು ಹೊರಗೆ ತೆಗೆದು, ಕವರಿನಲ್ಲಿ ಅವಕ್ಕೆ ಕಿಂಡಿ ಕತ್ತರಿಸಿ. ಬಾಗಿಲ ಕಂಬದ ಕೊಂಡಿಯನ್ನು ನಿಮ್ಮ ಎತ್ತರಕ್ಕೆ ಸರಿಹೊಂದಿಸಿ. ತಲೆಯ ಹಿಂದಿನ ಹೆಡ್‌ರೆಸ್ಟನ್ನು ಅದರ ಮೇಲಂಚು ನೆತ್ತಿಯ ಮಟ್ಟಕ್ಕೆ ಬರುವಂತೆ ಎತ್ತಿ. ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಅವರವರ ಸೀಟಿನಲ್ಲಿ ಕೂರಿಸಿ, ಪಟ್ಟಿ ಮೂಳೆಯ ಮೇಲಿದೆಯೇ ಎಂದು ಕೈಯಿಟ್ಟು ನೋಡಿ. ಮಕ್ಕಳಿಗೆ ಬೂಸ್ಟರ್ ಬೇಕೇ ಎಂಬುದನ್ನು ಆಗಲೇ ತೀರ್ಮಾನಿಸಿ. ಜಾತ್ರೆಗೋ ಮದುವೆಗೋ ಹೊರಟಾಗ ಬೆಲ್ಟುಗಳಿಗಿಂತ ಜನ ಹೆಚ್ಚಾದರೆ ಇನ್ನೊಂದು ಗಾಡಿ ಗೊತ್ತುಮಾಡಿ.

ಇದಕ್ಕೆಲ್ಲ ಒಂದು ಗಂಟೆಯೂ ಹಿಡಿಯುವುದಿಲ್ಲ, ಖರ್ಚೂ ಇಲ್ಲವೆನ್ನುವಷ್ಟು ಕಡಿಮೆ. ಮುಂದಿನ ಸೀಟಿನವರ ಸಾವಿನ ಅಪಾಯವನ್ನು ಅರ್ಧದಷ್ಟು ಇಳಿಸುವ ಬೇರೆ ಯಾವ ಸಾಧನವೂ ಇಷ್ಟು ಅಗ್ಗವಾಗಿ ನಮ್ಮ ಕೈಗೆ ಸಿಕ್ಕಿಲ್ಲ. ಅದು ನಮ್ಮ ಕಾರಿನಲ್ಲಿ ಆಗಲೇ ಇದೆ, ಅದಕ್ಕೆ ಹಣವನ್ನೂ ಕೊಟ್ಟಾಗಿದೆ. ಇನ್ನು ಉಳಿದಿರುವುದು ಚಾಲಕನ ಸೀಟಿನಲ್ಲಿ ಕೂತವರು ಒಂದು ನಿಯಮ ಮಾಡಿಕೊಳ್ಳುವುದು: ಎಲ್ಲರ ಬೆಲ್ಟೂ ಸರಿಯಾದ ಜಾಗದಲ್ಲಿ ಕೂತ ಮೇಲೆಯೇ ಮೊದಲ ಗೇರ್.